ದನಿಗೊಂದು ಗುಳಿ

ಯಾರೇ ಎದುರಾದರೂ ಅವಳ ಕಣ್ಣು ಮೊದಲು ಹೋಗುವುದು ಪಾದಗಳ ಕಡೆಗೆ. ಮುಖದ ಪರಿಚಯ ಆಮೇಲೆ. ಇದು ಅಷ್ಟು ಒಳ್ಳೆಯ ಅಭ್ಯಾಸವಲ್ಲವೆಂದು ಅವಳಿಗೂ ಗೊತ್ತು. ಆದರೆ ಓದು ಮುಗಿದಂದಿನಿಂದ ಆಸ್ಪತ್ರೆಯ ಹಿಂದಿನ ಬೀದಿಯ ಪುಟ್ಟ ಕಾರ್ಖಾನೆಯಲ್ಲಿ ಕೂತು, ಜನರ ಚಪ್ಪಲಿ ಬೂಟುಗಳೊಳಗೆ ಇಡುವ ಮೆತ್ತೆಗಳನ್ನು ಮಾಡುತ್ತ ಮಾಡುತ್ತಲೇ ಕೂದಲು ನರೆಸಿಕೊಂಡವಳು ಇನ್ನೇನು ಮಾಡಿಯಾಳು? ಸಕ್ಕರೆ ಕಾಯಿಲೆಯ ಹುಣ್ಣು, ಚಪ್ಪಟೆ ಅಂಗಾಲು, ಬೆಳಗೆದ್ದರೆ ನೆಲಕ್ಕೆ ಊರಲಾಗದ ಹಿಮ್ಮಡಿ, ಎಲ್ಲ ಅವಳ ಮೇಜಿನ ಮುಂದೆ ಬಂದು ಹೋಗುತ್ತವೆ. ಅದಕ್ಕೇ ವಾದ್ಯಗೋಷ್ಠಿಯ ಗೆಳೆಯರು ಅವಳಿಗಿಟ್ಟ ಹೆಸರು ‘ಅಳತೆ’.

ವಾದ್ಯಗೋಷ್ಠಿಯೆಂದರೆ ನಾಲ್ಕೇ ಜನ. ಸೈಕಲ್ ರಿಪೇರಿ ಅಂಗಡಿಯ ಮೇಲೆ, ಮರದ ಹಲಗೆ ಹಾಸಿದ ಕೋಣೆಯೊಂದರಲ್ಲಿ ಸೇರುತ್ತಿದ್ದರು. ಕೀಬೋರ್ಡಿಗೆ ಮೇಷ್ಟ್ರು, ನಿವೃತ್ತಿಯಾದರೂ ಗಣಿತ ಪಾಠದ ಗತ್ತು ಬಿಡದವರು. ಡ್ರಮ್ಮಿಗೆ ಬಸ್ ಡ್ರೈವರು. ಬೇಸ್ ಗಿಟಾರಿಗೆ ಅಳತೆ. ಹಾಡುವುದಕ್ಕೆ ಅವಳ ಸೋದರಮಾವ. ಚಿಕ್ಕಂದಿನಲ್ಲಿ ಅವಳ ಕೈಗೆ ಬೇಸ್ ಗಿಟಾರ್ ಕೊಟ್ಟವರೂ ಆ ಮಾವನೇ. ಉದ್ದನೆಯ ಕತ್ತು, ದಪ್ಪ ದಪ್ಪ ನಾಲ್ಕು ತಂತಿ. ಹುಡುಗಿಯ ಕೈಗೆ ಅದು ಸಾಮಾನು ಸಾಗಿಸುವ ಗಾಡಿಯ ಹಾಗೆ ಕಂಡಿತ್ತು. “ಇದನ್ನ ಯಾರೂ ಕೇಳಲ್ಲ ಪುಟ್ಟಿ, ಆದ್ರೆ ಇದಿಲ್ಲದಿದ್ರೆ ಎಲ್ಲರಿಗೂ ಗೊತ್ತಾಗತ್ತೆ” ಎಂದು ಆಗ ಮಾವ ಹೇಳಿದ್ದರು. ಅವಳಿಗೆ ಅದು ಹೊಗಳಿಕೆಯೋ ತೆಗಳಿಕೆಯೋ ಇವತ್ತಿಗೂ ಬಗೆಹರಿದಿರಲಿಲ್ಲ.

ಆ ಭಾನುವಾರ ಮಾವ ಗಂಟಲಿನ ಆಪರೇಷನ್ ಆದಮೇಲೆ ಮೊದಲ ಸಲ ಅಭ್ಯಾಸಕ್ಕೆ ಬಂದಿದ್ದರು. ಬರುವ ಶನಿವಾರ ಗ್ರಂಥಾಲಯದ ಹೊಸ ಓದುಮನೆಯ ಬಾಗಿಲು ತೆರೆಯುವ ಸಮಾರಂಭ. ಅಲ್ಲಿ ಮಾವ ತಾವೇ ಬರೆದು ರಾಗ ಹಾಕಿದ ಹಾಡು ಹೇಳಬೇಕು. ಬೆಳಗಿನ ಮೊದಲ ಬಸ್ಸಿಗೆ ಕಾಯುವವರ ಹಾಡು ಅದು. ಬೆಂಚಿನ ಮೇಲೆ ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ, ಬಸ್ಸು ಬರುವುದಿಲ್ಲ, ಕೊನೆಯಲ್ಲಿ ‘ಸ್ವಲ್ಪ ಸರಿದು ಕೂರು’ ಎನ್ನುವ ಮಾತು ಬಹಳ ಕೆಳಗಿನ ಸ್ವರಕ್ಕೆ ಇಳಿದು ನಿಲ್ಲುತ್ತದೆ. ಡ್ರೈವರಿಗೆ ಆ ಹಾಡೆಂದರೆ ಪ್ರಾಣ. “ಬಸ್ಸು ತಡ ಆಗೋದು ನನ್ನಿಂದ್ಲೇ, ಆದ್ರೂ ಬೈದಿಲ್ಲ ನೋಡಿ” ಎನ್ನುತ್ತಿದ್ದರು.

ಅಳತೆ ಅಂದು ಬಹಳ ಹುಮ್ಮಸ್ಸಿನಲ್ಲಿದ್ದಳು. ಹಿಂದಿನ ದಿನವಷ್ಟೇ ಹೊಳೆಹೊಳೆಯುವ ಹೊಸ ಉಕ್ಕಿನ ತಂತಿ ಹಾಕಿದ್ದಳು. ಬೆರಳು ತಾಗಿದರೆ ಸಾಕು, ಒಂದೊಂದು ಸ್ವರವೂ ಅಂಚು ಕಟ್ಟಿದ ಹಾಗೆ ಹೊರಡುತ್ತಿತ್ತು. ಅಡುಗೆಮನೆಯಲ್ಲಿ ಒಬ್ಬಳೇ ನುಡಿಸಿಕೊಂಡು ತನಗೆ ತಾನೇ ಭೇಷ್ ಎಂದುಕೊಂಡಿದ್ದಳು.

ಹಾಡು ಶುರುವಾಯಿತು. ಮಾವನ ತುಟಿ ಆಡುತ್ತಿತ್ತು, ಆದರೆ ಮಾತು ಬರಲಿಲ್ಲ. ಬರಲಿಲ್ಲವೆಂದಲ್ಲ, ಬಂದದ್ದು ಎಲ್ಲೋ ಮುಳುಗುತ್ತಿತ್ತು. ಮೊದಲು ಮೇಲಿನ ಸ್ವರಗಳಲ್ಲಿ ಆರಾಮಾಗಿ ಓಡಾಡುತ್ತಿದ್ದ ದನಿ ಈಗ ಕೆಳಗಿಳಿದು, ತೆಳ್ಳಗಾಗಿ, ಉಸಿರು ಬೆರೆತು ಬರುತ್ತಿತ್ತು.

“ಅಳತೆ, ನಿನ್ನದು ಸ್ವಲ್ಪ ಕಡಿಮೆ ಮಾಡಮ್ಮ” ಎಂದರು ಮೇಷ್ಟ್ರು.

ಅವಳು ಕಡಿಮೆ ಮಾಡಿದಳು. ಈಗ ಮಾತು ಕೇಳಿತು, ಆದರೆ ಶ್ರುತಿ ಜಾರಿತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮಾವ ಒಂದು ದಾರಿ, ಕೀಬೋರ್ಡು ಒಂದು ದಾರಿ. ಮತ್ತೆ ಹೆಚ್ಚು ಮಾಡಿದಳು. ಶ್ರುತಿ ಕೂಡಿತು, ಮಾತು ಮುಳುಗಿತು. ಡ್ರೈವರು ಕೋಲುಗಳನ್ನು ಕೆಳಗಿಟ್ಟು, ಬಿಗಿಯಾಗೇ ಇದ್ದ ತಿರುಪೊಂದನ್ನು ಬಿಗಿ ಮಾಡತೊಡಗಿದರು. ಮಾವನ ಮುಖ ನೋಡದಿರಲು ಅವರಿಗೆ ಏನಾದರೂ ಕೆಲಸ ಬೇಕಿತ್ತು. 

ಮಾವನೇ ನಕ್ಕರು. “ನನ್ನ ದನಿ ಮೇಲಿನ ಮಹಡಿ ಖಾಲಿ ಮಾಡಿ ನೆಲಮಾಳಿಗೆಗೆ ಬಂದಿದೆ ಕಣ್ರಪ್ಪ. ಅಲ್ಲಿ ಮೊದಲಿಂದ್ಲೂ ನಮ್ಮ ಪುಟ್ಟಿ ಸಂಸಾರ ಹೂಡಿದ್ದಾಳೆ. ಒಂದೇ ಕೋಣೆಗೆ ಇಬ್ಬರು ಹೇಗಾಗತ್ತೆ? ಶನಿವಾರ ಹಾಡು ಮೇಷ್ಟ್ರೇ ಹೇಳಲಿ. ನಾನು ಮುಂದಿನ ಸಾಲಲ್ಲಿ ಕೂತು ಜೋರಾಗಿ ಚಪ್ಪಾಳೆ ಹೊಡೀತೀನಿ.”

“ನಾನು ಹಾಡಿದ್ರೆ ಜನ ಬಸ್ಸಿಗೆ ಕಾಯಲ್ಲ, ನಡ್ಕೊಂಡೇ ಹೋಗ್ತಾರೆ” ಎಂದರು ಮೇಷ್ಟ್ರು. ಆಮೇಲೆ ಗಂಟಲು ಸರಿಮಾಡಿಕೊಂಡು, “ಬುಧವಾರ ಸಂಜೆ ಇನ್ನೊಂದು ಅಭ್ಯಾಸ ಇದೆಯಲ್ಲ. ಅಲ್ಲಿವರೆಗೂ ಏನೂ ತೀರ್ಮಾನ ಬೇಡ” ಎಂದರು.

“ಸರಿ, ಬುಧವಾರ. ಆಗಲೂ ಹೀಗೇ ಆದ್ರೆ ನನ್ನನ್ನ ಯಾರೂ ಒತ್ತಾಯ ಮಾಡಬಾರದು.”

ಹೊರಡುವಾಗ ಅವಳ ತಲೆಯಲ್ಲಿ ಉಳಿದದ್ದು ಮಾವನ ಮಾತಲ್ಲ, ಮಾವನ ಬಲಗಾಲು. ಹಾಡುವಾಗ ಚಪ್ಪಲಿ ಬಿಟ್ಟು ನಿಲ್ಲುವುದು ಅವರ ಹಳೆಯ ರೂಢಿ. ಬೇಸ್ ಜೋರಾಗಿದ್ದಾಗ ಆ ಹಿಮ್ಮಡಿ ಹಲಗೆಗೆ ಒತ್ತಿಕೊಂಡು ನೆಮ್ಮದಿಯಾಗಿತ್ತು. ಕಡಿಮೆಯಾದ ಕೂಡಲೇ ಬೆರಳುಗಳೆಲ್ಲ ಬಿಚ್ಚಿಕೊಂಡು, ಹಿಮ್ಮಡಿ ಎದ್ದು ಇಳಿದು, ಕತ್ತಲಲ್ಲಿ ಮೆಟ್ಟಿಲು ಹುಡುಕುವವರ ಹಾಗೆ ತಡಕಾಡಿತು. ಅಂದರೆ ಮಾವ ಅವಳ ಸ್ವರವನ್ನು ಕಾಲಿನಿಂದ ಕೇಳುತ್ತಿದ್ದಾರೆ, ಅದನ್ನೇ ಹಿಡಿದು ನಿಂತಿದ್ದಾರೆ! ಹಾಗಿದ್ದರೆ ಕಡಿಮೆ ಮಾಡುವುದೂ ಪರಿಹಾರವಲ್ಲ, ಹೆಚ್ಚು ಮಾಡುವುದೂ ಅಲ್ಲ. ದನಿಯ ಅಳತೆಯಲ್ಲ, ದನಿಯ ಬಗೆಯೇ ಬದಲಾಗಬೇಕು. ಹೇಗೆ?

ಸೋಮವಾರ ಕೆಲಸ ಮುಗಿಸಿ ವಾದ್ಯದ ತಂತಿ ಮಾರುವ ಅಂಗಡಿಗೆ ಹೋದಳು. ಅಂಗಡಿಯಾಕೆ ಗಿರಾಕಿ ಇಲ್ಲದಾಗ ಗಲ್ಲಾಪೆಟ್ಟಿಗೆಯ ಹಿಂದೆ ತನ್ನದೇ ಹಳೆಯ ಬೇಸ್ ನುಡಿಸುತ್ತ ಕೂರುವವಳು. ಸಮಸ್ಯೆ ಕೇಳಿ ಎರಡು ತಂತಿ ತಂದು ಮೇಜಿನ ಮೇಲಿಟ್ಟಳು.

“ಕಣ್ಣು ಮುಚ್ಚಿ ಸವರಿ ನೋಡಿ.”

ಮೊದಲನೆಯದು ಅವಳ ಗಿಟಾರಿನಲ್ಲಿದ್ದ ಹಾಗೆಯೇ ಉಗುರಿಗೆ ಗರಗರ ಎಂದಿತು. ಒಳಗಿನ ಎಳೆಯ ಮೇಲೆ ದುಂಡನೆಯ ತಂತಿ ಸುತ್ತಿದ್ದರಿಂದ ಉಬ್ಬು ತಗ್ಗು. ಎರಡನೆಯದು ರೇಷ್ಮೆ ದಾರದಂತೆ ಜಾರಿತು. ಅದಕ್ಕೆ ಸುತ್ತಿದ್ದು ಚಪ್ಪಟೆ ಪಟ್ಟಿ.

“ದುಂಡನೇದು ಮಾತಾಡತ್ತೆ, ಚಪ್ಪಟೇದು ಹೂಂಗುಟ್ಟತ್ತೆ” ಎಂದಳು ಅಂಗಡಿಯಾಕೆ. “ಮೊದಮೊದಲು ನಿಮಗೆ ಕಂಬಳಿ ಹೊದ್ದು ನುಡಿಸಿದ ಹಾಗನ್ಸತ್ತೆ. ಬೇಜಾರು ಮಾಡ್ಕೋಬೇಡಿ. ನಿಮ್ಮ ಗಿಟಾರಿನ ಅಳತೆಗೆ ಇರೋದು ಇದೊಂದೇ ಸೆಟ್ಟು.”

ಮನೆಗೆ ಬಂದವಳೇ ಹೊಳೆಯುವ ಹೊಸ ತಂತಿಗಳನ್ನು ಬಿಚ್ಚಿ ಸುರುಳಿ ಸುತ್ತಿಟ್ಟಳು. ಮನಸ್ಸು ಒಂದಿಷ್ಟು ಕಚ್ಚಿತು. ಆಮೇಲೆ ಚಪ್ಪಟೆ ಸೆಟ್ಟಿನಿಂದ ಎಲ್ಲಕ್ಕಿಂತ ದಪ್ಪನೆಯ ತಂತಿ ತೆಗೆದು, ಎಷ್ಟು ಉದ್ದ ಬೇಕೆಂದು ಅಳೆದು, ಕಟಕ್ ಎಂದು ಕತ್ತರಿಸಿ, ತುದಿ ಬಗ್ಗಿಸಿ ಗಿಟಾರಿನ ಬಿರಡೆಗೆ ಸುತ್ತತೊಡಗಿದಳು. ಕಾರ್ಖಾನೆಯಲ್ಲಿ ಎಲ್ಲ ಕೆಲಸದ ಕ್ರಮವೂ ಅದೇ: ಮೆತ್ತೆಯ ಫೋಮ್ ಹಾಳೆಯನ್ನು ಮೊದಲು ಕತ್ತರಿಸಬೇಕು, ಆಮೇಲೆ ಬಿಸಿ ಮಾಡಿ ಬಗ್ಗಿಸಬೇಕು. ಕೈ ಅದನ್ನೇ ಮಾಡಿತು. ಆದರೆ ಕತ್ತರಿಸಿದ ತುದಿಯಿಂದ ಆ ಚಪ್ಪಟೆ ಪಟ್ಟಿ ಮೆಲ್ಲಗೆ ಹಿಡಿತ ಬಿಟ್ಟು, ಒಳಗಿನ ಎಳೆಯ ಮೇಲೆ ಸಡಿಲವಾಗಿ ಕೂತಿತು. ಮೀಟಿದರೆ ಹರಿದ ಚಪ್ಪಲಿ ಎಳೆದುಕೊಂಡು ನಡೆದ ಸದ್ದು. ಮತ್ತೆ ಮತ್ತೆ ಮೀಟಿ ನೋಡಿದಳು. ಚಪ್ಪಲಿ ಮತ್ತೆ ಮತ್ತೆ ನಡೆಯಿತು.

ಮರುದಿನ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನಿಂತಳು. ಸತ್ತ ತಂತಿಯನ್ನು ಕಾಗದದಲ್ಲಿ ಸುತ್ತಿ ತಂದಿದ್ದಳು. ಅಂಗಡಿಯಾಕೆ ಬಿಚ್ಚಿ ನೋಡಿ ನಗಲಿಲ್ಲ.

“ಬಗ್ಗಿಸೋ ಮೊದಲೇ ಕತ್ತರಿಸಿದ್ರಾ?”

“ನಮ್ಮಲ್ಲಿ ಕತ್ತರಿಸಿ ಆಮೇಲೆ ಬಗ್ಗಿಸೋದು.”

“ಇಲ್ಲಿ ಉಲ್ಟಾ. ಬಗ್ಗಿಸಿದ್ರೆ ಆ ಮೂಲೆ ಪಟ್ಟೀನ ಹಿಡ್ಕೊಳತ್ತೆ, ಆಮೇಲೆ ಕತ್ತರಿಸಿದ್ರೂ ಬಿಚ್ಚಲ್ಲ. ನಾನೂ ಹಾಳು ಮಾಡಿದೀನಿ ಬಿಡಿ. ಹೇಳದೇ ಕೊಟ್ಟದ್ದು ನಂದೇ ತಪ್ಪು.” ಹೊಸ ಸೆಟ್ಟು ಬರಲು ಎರಡು ವಾರವೆಂದಳು. ಅಳತೆಯ ಮುಖ ಸಣ್ಣದಾದದ್ದು ಕಂಡು, ಗೋಡೆಗೆ ತೂಗಿದ್ದ ತನ್ನ ಬೇಸನ್ನೇ ಕೆಳಗಿಳಿಸಿದಳು. “ಇದರಲ್ಲಿರೋದೂ ಚಪ್ಪಟೆ ತಂತಿನೇ. ಹಳೇದು, ಒಳ್ಳೆ ಪಳಗಿದೆ. ದಪ್ಪದ್ದು ಒಂದು ತಗೊಂಡು ಹೋಗಿ. ನಿಮ್ಮ ಕೆಲಸ ಆದ್ಮೇಲೆ ತಂದುಕೊಡಿ.”

“ಅಲ್ಲಿವರೆಗೂ ನೀವು?”

“ಮೂರರಲ್ಲೇ ನುಡಿಸ್ತೀನಿ. ಗಿರಾಕಿಗಳಿಗೆ ಗೊತ್ತಾಗಲ್ಲ.”

ತಂತಿ ಬಿಚ್ಚುವಷ್ಟು ಹೊತ್ತೂ ಆಕೆ ಎಡಗಾಲಿನ ಭಾರವನ್ನೆಲ್ಲ ಬಲಗಾಲಿಗೆ ಹಾಕಿ ನಿಂತಿದ್ದಳು. ಅಳತೆ ಕಾಗದವನ್ನು ನೆಲಕ್ಕೆ ಹಾಸಿ, “ಆ ಕಾಲು ಇದರ ಮೇಲಿಡಿ” ಎಂದಳು. ಅಂಗಡಿಯಾಕೆ ಯಾಕೆಂದು ಕೇಳಿದರೂ ಕಾಲಿಟ್ಟಳು. ಪೆನ್ಸಿಲು ಹಿಮ್ಮಡಿಯ ಸುತ್ತ ಬರುವಾಗ ಕಚಗುಳಿಗೆ ಕಿಲಕಿಲ ನಕ್ಕಳು.

ಆ ಸಂಜೆ ಅಳತೆ ಬೇಸನ್ನೂ ಪುಟ್ಟ ಸ್ಪೀಕರ್ ಪೆಟ್ಟಿಗೆಯನ್ನೂ ಫೋಮಿನ ಚೂರುಗಳ ಚೀಲವನ್ನೂ ಹೊತ್ತು ಮಾವನ ಮನೆಗೆ ಬಂದಳು. ಅತ್ತೆ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದರು.

“ಏನೇ ಇದು, ಮನೆ ಬದಲಾಯಿಸಿಬಿಟ್ಯಾ?”

“ಮಾವನ್ನ ಹಾಡಿಸೋಕೆ ಬಂದೆ ಅತ್ತೆ.”

“ಹಾಡಿಸು ಹಾಡಿಸು. ಭಾನುವಾರದಿಂದ ಮೌನವ್ರತ. ಉಪ್ಪು ಬೇಕಾದ್ರೂ ಕೈ ತೋರಿಸ್ತಾರೆ.”

ಮಾವ ಪೇಪರಿನ ಹಿಂದಿನಿಂದ, “ಬುಧವಾರ ಅಂದಿದ್ದು, ಮಂಗಳವಾರ ಅಲ್ಲ” ಎಂದರು. ಆದರೆ ತಂತಿಯ ಕಡೆ ನೋಡುವುದನ್ನು ಬಿಡಲಾಗಲಿಲ್ಲ. ಪೇಪರು ಮಡಚಿಟ್ಟು ಹತ್ತಿರ ಬಂದರು. “ಇದೇನು ನುಣ್ಣಗಿದೆ? ಇದೊಂದು ಮಾತ್ರ ಯಾಕೆ ಕಪ್ಪಾಗಿದೆ?”

ಅವಳು ನುಡಿಸಿ ತೋರಿಸಿದಳು. ಮೂರು ಹೊಸ ತಂತಿ ಹದವಾಗಿದ್ದವು. ಅಂಗಡಿಯಾಕೆಯ ಹಳೆಯದು ಮಾತ್ರ ಬೇರೆಯೇ. ಸದ್ದು ಹುಟ್ಟಿದ್ದೇ ಗೊತ್ತಾಗದ ಹಾಗೆ ಬಂದು ನೆಲದ ಮೇಲೆ ಕೂರುತ್ತಿತ್ತು. ಇಬ್ಬರೂ ಮುಖ ಮುಖ ನೋಡಿಕೊಂಡರು. “ಇನ್ನೊಂದ್ಸಲ” ಎಂದರು ಮಾವ.

ಹಾಡಲು ಒಪ್ಪದಿದ್ದರೂ ಗುನುಗಲು ಒಪ್ಪಿದರು. ಮಾತು ಮೊದಲಿಗಿಂತ ಎದ್ದು ಕೇಳಿತು, ಕೊನೆಯ ಸಾಲು ಮಾತ್ರ ಇನ್ನೂ ಮುಳುಗುತ್ತಲೇ ಇತ್ತು. ಅವಳು ಚೀಲದಿಂದ ಗಟ್ಟಿ ಫೋಮಿನ ತುಂಡು ತೆಗೆದು, ತಂತಿಗಳು ಹೊರಡುವ ಬುಡದಲ್ಲಿ, ಅವುಗಳ ಕೆಳಗೆ ತುರುಕಿದಳು. ನುಡಿಸಿದರೆ ಟಪ್, ಟಪ್, ಟಪ್.

“ಯಾರೋ ಬಾಗಿಲು ತಟ್ತಿದಾರೆ!” ಎಂದು ಅತ್ತೆ ಎದ್ದು ಹೋಗಿ ಬಾಗಿಲು ತೆರೆದು ನೋಡಿ ಬಂದರು. ಮಾವ ನಕ್ಕು ನಕ್ಕು ಕೆಮ್ಮಿದರು. ಅವರ ಹಿಮ್ಮಡಿ ಮಾತ್ರ ಮತ್ತೆ ತಡಕಾಡುತ್ತಿತ್ತು. ಸ್ವರ ಬಲು ಬೇಗ ಸಾಯುತ್ತಿತ್ತು, ಊರಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ಎಲ್ಲಕ್ಕಿಂತ ಮೆತ್ತನೆಯ ಫೋಮನ್ನು, ಮಗುವಿನ ಬೂಟಿಗೆ ಹಾಕುವಂಥದ್ದನ್ನು, ತೆಳ್ಳಗೆ ಸೀಳಿ ಇಟ್ಟಳು. ಉಗುರು ತಾಗದಂತೆ ಹೆಬ್ಬೆರಳಿನ ಮೆದುಭಾಗದಿಂದ ಮೀಟಿದಳು. ಸ್ವರ ಸಾಯದೆ ನಿಂತಿತು. ಹಿಮ್ಮಡಿ ನೆಲ ಹಿಡಿಯಿತು.

“ಮಾವ, ನಿಮಗೆ ಗೊತ್ತಾ, ನೀವು ಶ್ರುತಿ ಕೇಳೋದು ಕಾಲಲ್ಲಿ.”

“ಏನಂದೆ?” ಮಾವ ಬಗ್ಗಿ ತಮ್ಮ ಪಾದವನ್ನೇ ಅಪರಿಚಿತರನ್ನು ನೋಡುವಂತೆ ನೋಡಿದರು. “ಇಷ್ಟು ವರ್ಷ ಇದೇ ಹಾಡ್ತಿತ್ತಾ? ನಾನು ಕಿವಿಗೆ ಕೊಟ್ಟ ಮರ್ಯಾದೆ ಎಲ್ಲಾ ದಂಡ.”

ಆದರೂ ‘ಸ್ವಲ್ಪ ಸರಿದು ಕೂರು’ ಅಡುಗೆಮನೆಗೆ ತಲುಪಲಿಲ್ಲ. “‘ಸ್ವಲ್ಪ’ ಕೇಳಿಸ್ತು, ಆಮೇಲೆ ಬರೀ ಗುಂಯ್” ಎಂದು ಅತ್ತೆ ಕೂಗಿದರು. ಮಾವ ಕುರ್ಚಿಗೆ ಒರಗಿದರು. “ಸಾಕು ಮಗಳೆ. ಇಷ್ಟು ದೂರ ಬಂದ್ಯಲ್ಲ, ಅದೇ ಹೆಚ್ಚು” ಎಂದರು. ಆ ಮಾತಿನ ಮೃದುತ್ವವೇ ಅವಳನ್ನು ಹೆದರಿಸಿತು. ಬಿಟ್ಟುಕೊಡುವವರು ಹಾಗೆ ಮಾತಾಡುತ್ತಾರೆ.

ಅವಳು ಇನ್ನೊಂದು ಚೂರು ಹುಡುಕಹೊರಟಳು. ಫೋಮಿನ ಚೀಲದಲ್ಲಿ ಕೈಯಾಡಿಸುತ್ತಿದ್ದಾಗ ಲಿಪ್‌ಸ್ಟಿಕ್ ಸಿಕ್ಕಿತು. ಅದು ತುಟಿಗಲ್ಲ, ಕೆಲಸಕ್ಕೆ. ಅಂಗಾಲಲ್ಲಿ ಹುಣ್ಣಿರುವವರು ಬಂದರೆ ಮೊದಲು ಬೆರಳಿನಿಂದ ಒತ್ತುತ್ತ ಹೋಗಬೇಕು. ಇಲ್ಲಿ ನೋವಾ? ಇಲ್ಲಿ? ಅವರು ‘ಅಯ್ಯೋ’ ಎಂದ ಜಾಗದ ಸುತ್ತ ಲಿಪ್‌ಸ್ಟಿಕ್ ಹಚ್ಚಬೇಕು. ಮೆತ್ತೆಯ ಮೇಲೆ ಹೆಜ್ಜೆ ಇಡಿಸಿದರೆ ಕೆಂಪು ಗುರುತು ಮೆತ್ತೆಗೆ ಇಳಿಯುತ್ತದೆ. ಅಲ್ಲಿ, ಅಲ್ಲಿ ಮಾತ್ರ, ಗುಳಿ ತೋಡಬೇಕು. ಮೆತ್ತೆಯನ್ನೆಲ್ಲ ತೆಳ್ಳಗೆ ಮಾಡಿದರೆ ಕಾಲಿಗೆ ಆಸರೆಯೇ ಇಲ್ಲ. ಎಲ್ಲ ಕಡೆ ಆಸರೆ ಉಳಿಸಿ, ನೋವಿನ ಜಾಗವೊಂದನ್ನು ಖಾಲಿ ಬಿಡಬೇಕು.

ಸ್ಪೀಕರ್ ಪೆಟ್ಟಿಗೆಯ ಮೇಲೆ ಅವಳು ಇದುವರೆಗೆ ಅಷ್ಟಾಗಿ ಮುಟ್ಟದಿದ್ದ ಎರಡು ಗುಂಡಿಗಳಿದ್ದವು. ದನಿಯ ನಡುಭಾಗದಲ್ಲಿ ಯಾವ ಎತ್ತರಕ್ಕೆ ಕೈ ಹಾಕಬೇಕೆಂದು ಒಂದು ಆರಿಸುತ್ತದೆ, ಅಲ್ಲಿ ಹೆಚ್ಚಿಸಬೇಕೋ ತಗ್ಗಿಸಬೇಕೋ ಎಂಬುದನ್ನು ಇನ್ನೊಂದು. ಎಲ್ಲರೂ ತಮ್ಮ ಕಿವಿಗೆ ಇಂಪಾಗುವಂತೆ ಅದನ್ನು ತಿರುಗಿಸುತ್ತಾರೆ. ಅವಳು ಮಾತ್ರ, ನೋವಿನ ಜಾಗ ಸಿಗಲೆಂದು, ನೋಯುವಂತೆ ತಿರುಗಿಸಬೇಕೆಂದುಕೊಂಡಳು.

“ಮಾವ, ಕೊನೆ ಸಾಲು ಹೇಳ್ತಾನೇ ಇರಿ. ಅತ್ತೆ, ಮಾತು ಪೂರ್ತಿ ಮುಚ್ಚಿಹೋದ ಕೂಡಲೇ ಕೂಗಿ.”

“ಮುಚ್ಚಿಹೋದಾಗ್ಲಾ? ಕೇಳಿಸಿದಾಗ ಅಲ್ವಾ?”

“ಮುಚ್ಚಿಹೋದಾಗ.”

ಎರಡನೆಯ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುವಿ, ಒಂದು ಕೈಯಿಂದ, ಬೆರಳೊತ್ತದೆ, ಬರೀ ತಂತಿ ಮೀಟುತ್ತ, ಇನ್ನೊಂದರಿಂದ ಮೊದಲನೆಯದನ್ನು ಇಷ್ಟಿಷ್ಟೇ ಜರುಗಿಸಿದಳು. ಮಾವ ಹೇಳುತ್ತಿದ್ದರು, ಸ್ವಲ್ಪ ಸರಿದು ಕೂರು, ಸ್ವಲ್ಪ ಸರಿದು ಕೂರು. ಪೆಟ್ಟಿಗೆ ಒಮ್ಮೆ ಮೂಗಿನಲ್ಲಿ ಮಾತಾಡಿತು, ಒಮ್ಮೆ ಡಬ್ಬದೊಳಗಿಂದ. ಇನ್ನೊಂದು ಕೂದಲೆಳೆ ಜರುಗಿಸಿದಳು.

“ಹೋಯ್ತು!” ಅತ್ತೆ ಕೂಗಿದರು. “ಈಗ ಏನೂ ಇಲ್ಲ, ಬರೀ ನಿಂದೇ ಗದ್ದಲ!”

ಅಯ್ಯೋ ಎಂದ ಜಾಗ ಸಿಕ್ಕಿತ್ತು. ಅವಳು ಅಲ್ಲಿ ಲಿಪ್‌ಸ್ಟಿಕ್ಕಿನಿಂದ ಒಂದು ಕೆಂಪು ಚುಕ್ಕೆ ಇಟ್ಟಳು. ಆಮೇಲೆ ಎರಡನೆಯ ಗುಂಡಿಯನ್ನು ಮೇಲಿನಿಂದ ಕೆಳಕ್ಕೆ, ಪೂರ್ತಿ ಅಲ್ಲ, ಒಂದು ದನಿ ಹಿಡಿಸುವಷ್ಟು ತಗ್ಗಿಸಿದಳು.

ಅಡುಗೆಮನೆಯಲ್ಲಿ ಬಟಾಣಿ ಬೋಗುಣಿಗೆ ಬೀಳುವ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಬಂದು, ಕೈಯಲ್ಲಿ ಸುಲಿಯದ ಒಂದು ಕಾಯಿ ಹಿಡಿದು ನಿಂತರು. ಮಾವ ಇನ್ನೊಮ್ಮೆ ಹೇಳಿದರು, ಈ ಸಲ ಗುನುಗಲಿಲ್ಲ.

“ಎಲ್ಲಿ ಸರಿದು ಕೂರ್ಲಿ? ಅಲ್ಲೆಲ್ಲಾ ಇವಳ ಸಾಮಾನು ಹರಡಿದೆ” ಎಂದರು ಅತ್ತೆ. ಕಣ್ಣು ಮಾತ್ರ ಸೆರಗಿನಲ್ಲಿ ಒರೆಸಿಕೊಂಡರು.

“ಮನೇಲಿ ಸರಿ” ಎಂದರು ಮಾವ ತಡೆದು. “ಅಲ್ಲಿ ಡ್ರಮ್ಮಿದೆ, ಕೀಬೋರ್ಡಿದೆ. ನಾಳೆ ನೋಡೋಣ.”

ಬುಧವಾರ ಸಂಜೆ ಅವಳು ಎಲ್ಲರಿಗಿಂತ ಮೊದಲೇ ಹೋಗಿ ಪೆಟ್ಟಿಗೆಯನ್ನು ಮಾವ ನಿಲ್ಲುವ ಜಾಗದ ಪಕ್ಕ ಹಲಗೆಗೆ ತಾಗಿಸಿ ಇಟ್ಟಳು. ಚುಕ್ಕೆ ನೋಡಿ ಗುಂಡಿ ಸರಿಮಾಡಿದಳು. ಒಬ್ಬಳೇ ನುಡಿಸಿ ನೋಡಿದರೆ ಮನಸ್ಸಿಗೆ ಪಿಚ್ಚೆನಿಸಿತು. ಮಂಕು, ನಡುವೆ ಟೊಳ್ಳು, ಹೊಳಪಿನ ಸುಳಿವೇ ಇಲ್ಲ. ಯಾರಾದರೂ ಇದನ್ನು ಅವಳ ವಾದನವೆಂದು ಕೇಳಿಸಿಕೊಂಡರೆ ಏನೆಂದಾರು? ಕೈ ಗುಂಡಿಯ ತನಕ ಹೋಯಿತು, ಹಿಂದೆ ಬಂತು.

ಮಾವ ಬಂದರು, ಚಪ್ಪಲಿ ಬಿಟ್ಟರು. ಡ್ರೈವರು ಎಣಿಸಿದರು. ಹಾಡು ಹೊರಟಿತು.

ಅವಳು ಮುಖ ಎತ್ತಲಿಲ್ಲ. ಅವಳಿಗೆ ಓದಲು ಬರುತ್ತಿದ್ದದ್ದು ಆ ಬಲಗಾಲು. ಮೊದಲ ಸಾಲಿಗೆ ಬೆರಳುಗಳು ಬಿಗಿದುಕೊಂಡಿದ್ದವು. ಎರಡನೆಯದಕ್ಕೆ ಹಿಮ್ಮಡಿ ಒಮ್ಮೆ ಎದ್ದಿತು. ಅವಳು ಹಳೆಯ ತಂತಿಯ ಮೇಲೆ ಹೆಬ್ಬೆರಳಿಟ್ಟು ಸ್ವರವನ್ನು ಇನ್ನಷ್ಟು ಹೊತ್ತು ಹಿಡಿದಳು. ಹಿಮ್ಮಡಿ ಇಳಿಯಿತು. ಮತ್ತೆ ಏಳಲಿಲ್ಲ. ಬೆಂಚಿನ ಮೇಲೆ ಒಬ್ಬೊಬ್ಬರೇ ಬಂದು ಕೂತರು, ಬಸ್ಸು ಬರಲಿಲ್ಲ, ಮಾವನ ದನಿ ಮೆಟ್ಟಿಲು ಮೆಟ್ಟಿಲಾಗಿ ನೆಲಮಾಳಿಗೆಗೆ ಇಳಿಯಿತು. ಅಲ್ಲಿ, ಅವಳು ಖಾಲಿ ಬಿಟ್ಟ ಜಾಗದಲ್ಲಿ, ಕೊನೆಯ ಮಾತು ಉಸಿರಿನ ಸಮೇತ ಕೇಳಿಸಿತು. ಹಳೆಯ ದನಿಯಲ್ಲ ಅದು. ಬಸ್ಸಿಗೆ ನಿಜವಾಗಿಯೂ ಕಾದು ಸುಸ್ತಾದವರ ದನಿ.

 ಕೆಳಗಿನ ಅಂಗಡಿಯಲ್ಲಿ ಯಾರೋ ಸೈಕಲ್ ಗಂಟೆ ಪರೀಕ್ಷಿಸುತ್ತಿದ್ದರು.

ಡ್ರೈವರು ಮೂಗು ಉಜ್ಜಿಕೊಂಡು, “ಅಳತೆ, ಇವತ್ತು ನೀನು ನುಡಿಸಿದ್ಯೋ ಇಲ್ವೋ?” ಎಂದರು.

“ಇಲ್ಲದಿದ್ರೆ ನಿಮಗೆ ಗೊತ್ತಾಗ್ತಿತ್ತು” ಎಂದಳು ಅವಳು. ಹೇಳಿದ ಮೇಲೆ ಆ ಮಾತು ಯಾರದೆಂದು ನೆನಪಾಗಿ ಮಾವನ ಕಡೆ ನೋಡಿದಳು.

ಮಾವ ಮಾತ್ರ ನೆಲ ನೋಡುತ್ತಿದ್ದರು. ಹಲಗೆಯನ್ನು ಪಾದದಿಂದ ಒಮ್ಮೆ ತಟ್ಟಿದರು, ಇನ್ನೊಮ್ಮೆ ತಟ್ಟಿದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, “ಗ್ರಂಥಾಲಯದಲ್ಲಿ ನೆಲ ಎಂಥದ್ರೀ? ಮರದ್ದೋ, ಕಲ್ಲಿಂದೋ?” ಎಂದು ಕೇಳಿದರು.

“ಕಲ್ಲು” ಎಂದರು ಮೇಷ್ಟ್ರು. “ಯಾಕೆ, ಶನಿವಾರ ಚಪ್ಪಾಳೆ ಹೊಡೆಯೋರಿಗೆ ಕಲ್ಲಾದ್ರೇನು, ಮರ ಆದ್ರೇನು?”

“ಚಪ್ಪಾಳೆ ನಿಮಗಿರಲಿ. ಕಲ್ಲಿನ ಮೇಲೆ ನನ್ನ ಕಾಲಿಗೆ ಕಿವಿ ಕೇಳಲ್ಲ.”

ಮೇಷ್ಟ್ರಿಗೆ ಏನೂ ಅರ್ಥವಾಗಲಿಲ್ಲ. ಡ್ರೈವರು ಡಿಪೋದಲ್ಲಿ ಹಳೆಯ ಸೀಟಿನ ಹಲಗೆ ಬಿದ್ದಿದೆ, ಅದರ ಮೇಲೆ ಪೆಟ್ಟಿಗೆಯನ್ನೂ ಗಾಯಕರನ್ನೂ ಒಟ್ಟಿಗೆ ನಿಲ್ಲಿಸಿದರಾಯಿತು ಎಂದರು. ಎಷ್ಟು ಅಗಲ ಬೇಕು?

ಅಳತೆ ಆಗಲೇ ಮಂಡಿಯೂರಿ ಮಾವನ ಮುಂದೆ ಕಾಗದ ಹಾಸಿದ್ದಳು.

“ಎರಡೂ ಕಾಲಿಡಿ ಮಾವ. ಅಲುಗಾಡಬೇಡಿ.”

ಮಾವ ಅವಳ ಭುಜದ ಮೇಲೆ ಕೈಯೂರಿ ನಿಂತರು.